ದೀಪ ಉರಿಯುತ್ತದೆ, ಗಾಲಿ ತಿರುಗುವುದಿಲ್ಲ

ಕಶ್ಕಾ-ಬುಲಾಕ್ ಊರಿನಲ್ಲಿ ಮುಕಾಶನಷ್ಟು ನೆಮ್ಮದಿಯ ಮನುಷ್ಯ ಇನ್ನೊಬ್ಬನಿರಲಿಲ್ಲ. ತನ್ನ ಬಗ್ಗೆ ತಾನೇ ಅಷ್ಟೊಂದು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವನಿಗೆ ನೆಮ್ಮದಿ ಇರದೆ ಇನ್ನೇನು? ಆ ಅಭಿಪ್ರಾಯದಲ್ಲಿ ಅರ್ಧ ಅವನ ಪಿಕಪ್ ಗಾಡಿಯ ಮೇಲೆ ನಿಂತಿತ್ತು. ಉಳಿದರ್ಧವೂ ಹೆಚ್ಚುಕಡಿಮೆ ಅದಕ್ಕೇ ಒರಗಿಕೊಂಡಿತ್ತು.

ಗಾಡಿ ಜಪಾನಿನಲ್ಲಿ ಹುಟ್ಟಿದ್ದು. ಅಲ್ಲಿಯವರು ದುಡಿಸಿ ಸಾಕಾಗಿ ಬಿಟ್ಟ ಮೇಲೆ ಹಡಗು ಹತ್ತಿ, ರೈಲು ಹತ್ತಿ, ಬಿಷ್ಕೆಕ್ಕಿನ ಗಾಡಿ ಸಂತೆಗೆ ಬಂದು ಅಲ್ಲಿಂದ ಮುಕಾಶನ ಅಂಗಳ ಸೇರಿತ್ತು. ಬಣ್ಣ ಒಂದು ಕಾಲಕ್ಕೆ ನೀಲಿ. ಊರಿನ ಉಳಿದ ಗಾಡಿಗಳಿಗೆ ಸ್ಟಿಯರಿಂಗು ಎಡಗಡೆಯಾದರೆ ಇದಕ್ಕೆ ಬಲಗಡೆ. ಹಾಗಾಗಿ ಮುಂದಿನ ಲಾರಿಯನ್ನು ದಾಟುವಾಗ ಎದುರಿಗೆ ಏನು ಬರುತ್ತಿದೆ ಎಂದು ಎಡಗಡೆ ಕೂತ ಹೆಂಡತಿ ಬುರುಲ್ ನೋಡಿ ಹೇಳಬೇಕು. ಹೇಳುತ್ತಿದ್ದಳು. ಅವನು ಕೇಳದಿದ್ದ ಇನ್ನೂ ಹಲವು ವಿಷಯಗಳನ್ನು ಅದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕೋಲಿತ್ತು. ಅದನ್ನು ಎಳೆದರೆ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೂ ಹೋಗಿ, ನಾಲ್ಕೂ ಗಾಲಿ ಒಟ್ಟಿಗೆ ನೆಲ ಹಿಡಿದು ಎಳೆಯಬೇಕು. ಎಳೆಯುತ್ತಿದೆ ಎಂದು ತಿಳಿಸಲು ಮೀಟರಿನ ಪಕ್ಕ ಹಸಿರು ದೀಪವೊಂದು ಹತ್ತಿಕೊಳ್ಳುತ್ತದೆ. ಮುಕಾಶ್ ಆ ಕೋಲನ್ನು ಎಳೆಯುವ ಚಂದವೇ ಬೇರೆ. ಹಿಂದಿನ ಕಾಲದ ಖಾನ್ ಒರೆಯಿಂದ ಕತ್ತಿ ಎಳೆದಂತೆ. ಹೋದ ಚಳಿಗಾಲವಿಡೀ, ಊರಿನ ಮೇಲಿನ ಏರಿನಲ್ಲಿ ಬೇರೆಯವರು ಗಾಲಿಗೆ ಸರಪಳಿ ಕಟ್ಟುತ್ತ ಬೆರಳು ಮರಗಟ್ಟಿಸಿಕೊಳ್ಳುತ್ತಿದ್ದರೆ, ಇವನು ಕೋಲು ಎಳೆದು, ಹಸಿರು ದೀಪ ನೋಡಿಕೊಂಡು, ಕಿಟಕಿ ಇಳಿಸಿ ಕೂಗುತ್ತಿದ್ದ:

"ಸರಪಳಿ ನಾಯಿಗೆ ಕಟ್ಟೋದು ಕಣ್ರೋ! ಇದು ಫೋರ್ ವೀಲು!"

ಮತ್ತೆ ನಿಜವಾಗಿಯೂ ಏರಿ ಹೋಗುತ್ತಿದ್ದ. ಅದೇ ಆಶ್ಚರ್ಯ.

ಮುಕಾಶನಿಗೆ ಒಬ್ಬ ಅಣ್ಣ, ಎಸೆನ್‌ಬೆಕ್. ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಮನೆಯಲ್ಲಿ ಒಬ್ಬನೇ ಇದ್ದ. ಊಟ ಬುರುಲಳ ಒಲೆಯದು. ಅಣ್ಣ ಬಂದು ಗಾಡಿಯ ಬೀಗದ ಕೈ ಕೇಳಿದರೆ ತಮ್ಮ ಕೊಡಬೇಕು. ಯಾಕೆ, ಎಲ್ಲಿಗೆ ಎಂದು ಕೇಳುವ ಪದ್ಧತಿ ಆ ಕಡೆ ಇಲ್ಲ. ಹೋದ ಶರತ್ಕಾಲದಲ್ಲಿ ಎಸೆನ್‌ಬೆಕ್ ಮತ್ತೆ ಮತ್ತೆ ಬೀಗದ ಕೈ ಕೇಳಿದ. ಘಾಟಿಯ ಆಚೆ ಬಿಸಿಲು ಸೀಮೆಯ ಕೊಕ್-ಬಾಕ್ ಎಂಬ ಊರಿನಲ್ಲಿ ಇದೇ ಜಾತಿಯ ಗಾಡಿಯೊಂದು ಯಾರದೋ ಅಂಗಳದಲ್ಲಿ ಸತ್ತು ಬಿದ್ದಿದೆಯಂತೆ, ಬಿಡಿಭಾಗ ಸಿಗುತ್ತವಂತೆ. ಮೊದಲು ಒಂದು ಕನ್ನಡಿ ತಂದ. ಆಮೇಲೆ ಹಿಂದಿನ ದೀಪದ ಗಾಜು. ಆಮೇಲೆ ಬಾಗಿಲಿನ ಹಿಡಿ. ಆಮೇಲೆ ಸಿಗರೇಟಿನ ಬೂದಿ ಡಬ್ಬಿ. ಅಣ್ಣತಮ್ಮಂದಿರಿಬ್ಬರೂ ಸಿಗರೇಟು ಸೇದುವವರಲ್ಲ.

ಹಿಮ ಬಿದ್ದು ಘಾಟಿ ಮುಚ್ಚುವುದಕ್ಕೆ ಮೊದಲು ಕೊನೆಯ ಸಲ ಹೋಗಿ ಬಂದಾಗ ಗಾಡಿಯ ಹೊಟ್ಟೆಯಡಿ ದಪ್ಪನೆಯ ಉಕ್ಕಿನ ತಗಡು ಕೂತಿತ್ತು.

"ಕಲ್ಲುಗಿಲ್ಲು ಬಡೀಬಾರ್ದು ಅಂತ ಹಾಕಿಸ್ದೆ ಕಣೋ," ಎಂದ ಎಸೆನ್‌ಬೆಕ್, ಬೇರೆಲ್ಲೋ ನೋಡುತ್ತ. "ನಿನ್ನ ಗಾಡಿ ಅಂದ್ರೆ ನನ್ನ ಗಾಡಿ ಇದ್ದ ಹಾಗಲ್ವಾ."

ಮುಕಾಶನ ಕಣ್ಣು ಒದ್ದೆಯಾಯಿತು. ಒಳಗೆ ಬಂದು ಹೆಂಡತಿಗೆ ಹೇಳಿದ: "ನೋಡಿದ್ಯಾ? ಅಣ್ಣ ಅಂದ್ರೆ ಹೀಗಿರ್ಬೇಕು."

"ಹೂಂ ಮತ್ತೆ," ಎಂದಳು ಬುರುಲ್, ಹಿಟ್ಟು ನಾದುತ್ತ. "ಬೂದಿ ಡಬ್ಬಿ ತರೋಕೆ ಗಡ್ಡ ಬೋಳಿಸ್ಕೊಂಡು, ಮದುವೆ ಕೋಟು ಹಾಕ್ಕೊಂಡು ಹೋಗೋ ಅಣ್ಣ ಎಲ್ಲರಿಗೂ ಸಿಕ್ತಾರಾ?"

ಗಾಡಿಯ ವಿಷಯದಲ್ಲಿ ಹೆಂಗಸರಿಗೆ ಏನು ಗೊತ್ತಾಗುತ್ತದೆ ಎಂದುಕೊಂಡ ಮುಕಾಶ್.

ಜೂನ್ ಬಂತು. ಕುರಿ ಕುದುರೆಗಳೆಲ್ಲ ಮೇಲಿನ ಹುಲ್ಲುಗಾವಲಿಗೆ ಹೋದವು. ಅಲ್ಲಿ ಹಾಕಿದ್ದ ಉಣ್ಣೆಯ ಡೇರೆಗೆ ಬೀಗರನ್ನು ಕರೆದು ಹುಳಿ ಬರಿಸಿದ ಕುದುರೆ ಹಾಲು, ಕುಮಿಸ್, ಕುಡಿಸಬೇಕು ಎಂದು ಮುಕಾಶನಿಗೆ ಆಸೆ. ಮಗಳನ್ನು ಹಿಂದಿನ ವರ್ಷವಷ್ಟೇ ಆ ಮನೆಗೆ ಕೊಟ್ಟಿದ್ದ. ಬೀಗ ಶಾರ್ಶೆನ್ ಕುದುರೆಯ ಮೇಲೆ ನಂಬಿಕೆಯಿಟ್ಟ ಹಳೆಯ ಕಾಲದ ಮನುಷ್ಯ. ಗಾಡಿ ಹತ್ತಿ ಎಂದರೆ ಹತ್ತಲಿಲ್ಲ.

"ನಾನು ಪಕ್ಕದಲ್ಲೇ ಕುದುರೆ ಮೇಲೆ ಬರ್ತೀನಿ ಬಿಡಿ ಬೀಗರೇ. ಬೇಕಾಗ್ಬಹುದು."

"ಏನಕ್ಕೆ ಬೇಕಾಗುತ್ತೆ?" ಎಂದು ಮುಕಾಶ್ ನಕ್ಕ. "ಇದು ಫೋರ್ ವೀಲು!"

ಬೀಗಿತಿ ಮುಂದೆ ಕೂತರು. ಹಿಂದೆ ಬುರುಲ್, ಚಹಾ ನೀರು ಕಾಯಿಸುವ ಸಮೋವಾರು, ಹಿಟ್ಟಿನ ಚೀಲ, ಬೀಗರು ತಂದ ಹೊಸ ಜಮಖಾನೆ, ಕಾಲು ಕಟ್ಟಿದ ಟಗರು. ಹೊಳೆ ದಾಟಿದ ಮೇಲೆ ಸಿಗುವ ಏರು ಹಿಂದಿನ ದಿನದ ಮಳೆಗೆ ರಾಡಿಯಾಗಿತ್ತು. ಮುಕಾಶ್ ಒಮ್ಮೆ ಬೀಗಿತಿಯ ಕಡೆ ನೋಡಿ, ಕೋಲು ಎಳೆದ. ಹಸಿರು ದೀಪ ಹತ್ತಿತು. ಗಾಡಿ ಗುಟುರು ಹಾಕಿ ಏರಿನ ಅರ್ಧಕ್ಕೆ ಹೋಗಿ, ಅಲ್ಲಿ ತನ್ನ ಅಭಿಪ್ರಾಯ ಬದಲಿಸಿತು. ಹಿಂದಿನ ಗಾಲಿಗಳು ಗಿರ್ರನೆ ತಿರುಗಿ ಅಚ್ಚಿನವರೆಗೂ ಹೂತವು. ಮುಂದಿನ ಗಾಲಿಗಳು ಮಾತ್ರ, ಮದುವೆ ಮನೆಗೆ ಬಂದ ಗಂಡಿನ ಸೋದರಮಾವಂದಿರ ಹಾಗೆ, ಕೂತಲ್ಲಿಂದ ಅಲ್ಲಾಡಲಿಲ್ಲ.

ಬುರುಲ್ ಇಳಿದು ನೋಡಿದಳು. "ಮುಂದಿನವು ತಿರುಗ್ತಾ ಇಲ್ಲ ಕಣ್ರೀ!"

"ತಿರುಗ್ತಾ ಇವೆ! ದೀಪ ಉರೀತಾ ಇದೆ!"

"ದೀಪ ಗಾಡಿ ಎಳೆಯುತ್ತಾ? ನಾನು ಗಾಲಿ ನೋಡ್ತಾ ಇದೀನಿ!"

ಅವನು ಇನ್ನಷ್ಟು ಒತ್ತಿದ. ಕೆಸರು ಹಿಂದಕ್ಕೆ ಹಾರಿ ಜಮಖಾನೆಯ ಮೇಲೆ, ಟಗರಿನ ಮೇಲೆ, ಸಹಾಯಕ್ಕೆಂದು ಇಳಿದು ಹಿಂದೆ ನಿಂತಿದ್ದ ಬೀಗಿತಿಯ ಬಿಳಿ ರುಮಾಲಿನ ಮೇಲೆ, ಯಾರಿಗೂ ಭೇದ ಮಾಡದೆ ಬಿತ್ತು. ಶಾರ್ಶೆನ್ ಕುದುರೆಯಿಂದಿಳಿದ. ಮೇಲಿದ್ದ ಕುರುಬನೊಬ್ಬನನ್ನು ಅವನ ಕುದುರೆಯ ಸಮೇತ ಕರೆದ. ಎರಡು ಕುದುರೆಗಳಿಗೆ ಹಗ್ಗ ಕಟ್ಟಿ ಗಾಡಿಯನ್ನು ಮೇಲಕ್ಕೆ ಎಳೆಸಿದ. ಎಲ್ಲ ಮುಗಿದ ಮೇಲೆ ಹಗ್ಗ ಸುತ್ತುತ್ತ ಬಹಳ ವಿನಯದಿಂದ ಹೇಳಿದ:

"ನಾಲ್ಕು ಗಾಲಿ ಅಂದ್ರಿ, ಜೊತೆಗೆ ಎಂಟು ಕಾಲು ಸೇರಿದ್ವು. ಇಂಥ ಗಾಡಿ ದೇಶದ ಅಧ್ಯಕ್ಷರ ಹತ್ರಾನೂ ಇಲ್ಲ ಬೀಗರೇ."

ಆ ದಿನ ಕುಮಿಸ್ ಮುಕಾಶನಿಗೆ ಎಂದಿಗಿಂತ ಹುಳಿಯಾಗಿತ್ತು.

ಊರಿಗೆ ಇಳಿದ ಮಾರನೆಯ ದಿನವೇ ಅಂಗಳದಲ್ಲಿ ತಜ್ಞರ ಸಮಿತಿ ಸೇರಿತು. ಯಾರೂ ಕರೆದಿರಲಿಲ್ಲ. ಕೆಟ್ಟ ಗಾಡಿಯ ವಾಸನೆ ಗಂಡಸರಿಗೆ ಹೇಗೋ ಬಡಿಯುತ್ತದೆ. ಇಮಾನಾಲಿ ಬಂದ. ಸೋವಿಯತ್ ಕಾಲದಲ್ಲಿ ಸಾಮೂಹಿಕ ಹೊಲದ ಟ್ರಾಕ್ಟರು ಓಡಿಸಿದ್ದವನು. ಆ ದೇಶ ಮುಳುಗಿದ್ದು ತನ್ನ ಮಾತು ಕೇಳದ್ದಕ್ಕೆ ಎಂದು ನಂಬಿದ್ದವನು. ತುರಾತ್ ಬಂದ. ಮೊಬೈಲ್ ರಿಪೇರಿ ಅಂಗಡಿಯವನು. ಜಗತ್ತಿನ ಎಲ್ಲ ರೋಗಕ್ಕೂ ವೈರೇ ಕಾರಣ ಎನ್ನುವವನು. ಅಧ್ಯಕ್ಷತೆಗೆ ಎಸೆನ್‌ಬೆಕ್ ಒಂದು ಸ್ಟೂಲು ತಂದು ಹಾಕಿಕೊಂಡ. ಗಾಡಿಯ ಬಲಕ್ಕೆ, ಒಂದು ಅಡಿ ಆಚೀಚೆ ಕದಲದ ಹಾಗೆ.

"ರೋಗ ಮೇಲ್ಗಡೆ ಇದೆ," ಎಂದ ಅಧ್ಯಕ್ಷ. "ಕೆಳಗಡೆ ಏನೂ ಇಲ್ಲ."

ಅದಕ್ಕಿಂತ ನಿಜವಾದ ಮಾತು ಆ ಅಂಗಳದಲ್ಲಿ ಆ ವಾರ ಯಾರೂ ಆಡಲಿಲ್ಲ. ಅದು ಆಗ ಕೇಳಿದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ತುರಾತ್ ಮೊದಲು ಕೈ ಹಾಕಿದ. ಫ್ಯೂಸು ಕಿತ್ತು ಬೆಳಕಿಗೆ ಹಿಡಿದು ನೋಡಿದ. ಚೆನ್ನಾಗಿತ್ತು. ಚೆನ್ನಾಗಿದ್ದುದೇ ಅವನಿಗೆ ಅನುಮಾನ. ಮೀಟರಿನ ಹಲಗೆ ಬಿಚ್ಚಿ ವೈರುಗಳನ್ನು ಸೇವಿಗೆಯ ಹಾಗೆ ಹೊರಗೆಳೆದು, ಕತ್ತರಿಸಿ, ಮತ್ತೆ ಜೋಡಿಸಿದ. ಸಂಜೆಯ ಹೊತ್ತಿಗೆ ಗಾಡಿಯನ್ನು ಎಡಕ್ಕೆ ತಿರುಗಿಸಿದರೆ ಹಾರ್ನು ತಾನಾಗಿ ಹೊಡೆದುಕೊಳ್ಳತೊಡಗಿತು. ಹಸಿರು ದೀಪ ಬೀಗದ ಕೈ ತೆಗೆದರೂ ಆರಲಿಲ್ಲ.

"ನೋಡಿದ್ರಾ? ಸಿಗ್ನಲ್ ಬಲವಾಯ್ತು," ಎಂದ ತುರಾತ್.

ಆಮೇಲೆ ಇಮಾನಾಲಿಯ ಸರದಿ. ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ, ಅಚ್ಚಿಗೂ ಗಾಲಿಗೂ ಕೊಂಡಿ ಹಾಕುವ ಒಂದು ಬಿಲ್ಲೆ ಇರುತ್ತದೆ. ಅದಕ್ಕೆ ಹಬ್ ಎನ್ನುತ್ತಾರೆ. ಅದನ್ನು ಕೈಯಿಂದ ತಿರುಗಿಸಿ ಬಿಗಿದರೇ ಬಲ ಗಾಲಿಗೆ ಮುಟ್ಟುವುದು. ಮುಕಾಶ್ ಅದನ್ನು ಚಳಿಗಾಲದ ಮೊದಲೇ ಬಿಗಿದಿಟ್ಟಿದ್ದ. ಇಮಾನಾಲಿ ಎಡಗಡೆಯದನ್ನು ಬಿಚ್ಚಿದ. ಒಳಗಿನಿಂದ ಸ್ಪ್ರಿಂಗೊಂದು ಟಣ್ಣನೆ ಹಾರಿ ಗೊಬ್ಬರದ ಗುಂಡಿಯ ಕಡೆ ಹೋಯಿತು. ಎಲ್ಲರೂ ಹೋಗಿ ಹುಡುಕಿದರು. ಸಿಗಲಿಲ್ಲ. ಇಮಾನಾಲಿ ಬಿಚ್ಚಿದ್ದನ್ನೆಲ್ಲ ಮತ್ತೆ ತುಂಬಿ ಬಡಿದು ಮುಚ್ಚಿದ ಮೇಲೆ ಅಂಗೈಯಲ್ಲಿ ಇನ್ನೂ ಎರಡು ಚೂರು ಉಳಿದಿದ್ದವು.

"ಇದೇನು?" ಎಂದ ಮುಕಾಶ್.

"ಹೆಚ್ಚಿಗೇದು. ಜಪಾನಿನವರು ಧಾರಾಳಿಗಳು."

ಬುರುಲ್ ಚಹಾ, ಎಣ್ಣೆಯಲ್ಲಿ ಕರಿದ ಬೋರ್ಸೋಕು ತಂದಿಟ್ಟಳು. ನಡುವೆ ಒಂದು ಬಟ್ಟಲು ಏಪ್ರಿಕಾಟಿನ ಜಾಮೂ ಇತ್ತು. ಅದನ್ನು ಎಸೆನ್‌ಬೆಕ್ ತಾನೇ ತನ್ನ ಮನೆಯಿಂದ ತಂದಿಟ್ಟಿದ್ದ. ಏಪ್ರಿಕಾಟು ಈ ಕಡೆಯ ಚಳಿಗೆ ಬೆಳೆಯುವ ಹಣ್ಣಲ್ಲ. ಬುರುಲ್ ಬಟ್ಟಲನ್ನು ನೋಡಿದಳು, ಭಾವನ ನುಣ್ಣನೆಯ ಗಲ್ಲ ನೋಡಿದಳು, ಆಮೇಲೆ ಗಾಡಿ ನೋಡಿದಳು.

"ಭಾವ, ಕೆಳಗಡೆ ಯಾರಾದ್ರೂ ಬಗ್ಗಿ ನೋಡಿದ್ರಾ?"

"ಕೆಳಗೆ ಏನಿದೆಯಮ್ಮ? ತಗಡು ಇದೆ."

"ತಗಡಿನ ಮೇಲೆ?"

"ಗಾಡಿ ಇದೆ," ಎಂದ ಎಸೆನ್‌ಬೆಕ್. ಬಿಸಿ ಚಹಾ ನುಂಗಿ ಕೆಮ್ಮಿದ.

"ಅಯ್ಯೋ, ನನಗೆ ಹೊಳೀಲೇ ಇಲ್ಲ ನೋಡಿ," ಎಂದು ಬುರುಲ್ ಬಟ್ಟಲುಗಳನ್ನು ಎತ್ತಿಕೊಂಡು ಹೋದಳು.

ತಗಡು ಬಿಚ್ಚೋಣವೇ ಎಂಬ ಮಾತು ಬಂದದ್ದು ಮೇಲಿನದನ್ನೆಲ್ಲ ಹಾಳು ಮಾಡಿ ಮುಗಿದ ಮೇಲೆ. ಬೋಲ್ಟು ತುಕ್ಕು ಹಿಡಿದು ಕಲ್ಲಾಗಿರುತ್ತವೆ, ಬಿಚ್ಚಲು ಬರುವುದಿಲ್ಲ ಎಂದ ಎಸೆನ್‌ಬೆಕ್. ಹಾಗಾದರೆ ಗ್ಯಾಸಿನಲ್ಲಿ ಕತ್ತರಿಸಿ ಬಿಸಾಕೋಣ ಎಂದ ಇಮಾನಾಲಿ. ಮುಕಾಶ್ ಸಿಡಿದೆದ್ದ.

"ನಮ್ಮಣ್ಣ ಪ್ರೀತಿಯಿಂದ ಹಾಕ್ಸಿದ್ದು ಅದು! ಅದಕ್ಕೆ ಬೆಂಕಿ ಮುಟ್ಸಿದ್ರೆ ಕೈ ಮುರೀತೀನಿ!"

ಎಸೆನ್‌ಬೆಕ್ ತಲೆ ತಗ್ಗಿಸಿದ. ನೋಡಿದವರು ಅದನ್ನು ದೊಡ್ಡತನ ಎಂದುಕೊಂಡರು.

ಹಳೆಯ ಸಾಮೂಹಿಕ ಹೊಲದ ಷೆಡ್ಡಿನ ಹಿಂದೆ ಗಾಡಿ ಹತ್ತಿಸಿ ಅಡಿಯಲ್ಲಿ ನಿಂತು ಕೆಲಸ ಮಾಡುವ ಕಾಂಕ್ರೀಟಿನ ಎತ್ತರದ ಕಟ್ಟೆ ಈಗಲೂ ಇತ್ತು. ಮುಕಾಶ್ ಗಾಡಿಯನ್ನು ಅದರ ಮೇಲೆ ಹತ್ತಿಸಿದ, ಹಾರ್ನು ಹೊಡೆಸಿಕೊಳ್ಳುತ್ತ, ಸಮಿತಿಯನ್ನು ಹಿಂದೆ ಕಟ್ಟಿಕೊಂಡು. ಬೋಲ್ಟಿಗೆ ಎಣ್ಣೆ ಬಿಟ್ಟು, ತಾಯಿ ಮಗುವಿನ ಉಗುರು ಕತ್ತರಿಸುವ ಜೋಪಾನದಲ್ಲಿ ಸ್ಪಾನರು ಹಿಡಿದ. ಕಲ್ಲಾಗಿದ್ದ ಬೋಲ್ಟು ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗಿ ಬಂತು. ಒಂದಲ್ಲ, ಎಲ್ಲವೂ. ಒಂದೊಂದಕ್ಕೂ ಹೊಸ ಗ್ರೀಸು ಹಚ್ಚಿತ್ತು. ತಗಡು ಧೊಪ್ಪನೆ ಕೆಳಗೆ ಬಿತ್ತು.

ಮುಕಾಶ್ ಮೇಲೆ ನೋಡಿದ. ನಡುವಿನ ಗೇರಿನ ಪೆಟ್ಟಿಗೆಯಿಂದ ಮುಂದಿನ ಅಚ್ಚಿಗೆ, ತೋಳು ದಪ್ಪದ ಉಕ್ಕಿನ ಶಾಫ್ಟೊಂದು ಹೋಗಿರಬೇಕು. ಎಂಜಿನ್ನಿನ ಬಲವನ್ನು ಮುಂದಕ್ಕೆ ಒಯ್ಯುವುದು ಅದೊಂದೇ. ಅದು ಇರಬೇಕಾದ ಕಡೆ ಗಾಳಿ ಇತ್ತು. ಒಂದು ಗುಬ್ಬಚ್ಚಿ ಆ ಕಡೆಯಿಂದ ಈ ಕಡೆಗೆ ಹಾರಿ ಹೋಯಿತು.

"ಶಾಫ್ಟ್ ಎಲ್ಲಿ?" ಎಂದ ಮುಕಾಶ್.

ಅವನು ಕಟ್ಟೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಚಳಿಗಾಲ ನೆನಪಾಯಿತು. ಆ ಮಂಜುಗಡ್ಡೆಯ ಏರು, ಎಡಗಡೆಯ ಕಂದರ. ಕಿಟಕಿ ಇಳಿಸಿ ಕೂಗಿದ್ದು. ಅತ್ತೆಗೆ ಎದೆನೋವು ಬಂದಾಗ ಹಿಂದೆ ಹಾಸಿಗೆ ಹಾಕಿ, ಬುರುಲಳನ್ನು ಕೂರಿಸಿಕೊಂಡು, ಬೀಳುವ ಹಿಮದಲ್ಲಿ ನಾರಿನ್ ಪಟ್ಟಣದ ಆಸ್ಪತ್ರೆಗೆ ಹೋಗಿದ್ದು. ಇಷ್ಟನ್ನೂ ಮಾಡಿದ್ದು ಯಾವುದಕ್ಕೂ ಅಂಟದ ಒಂದು ಕೋಲು, ಮತ್ತು ಸುಳ್ಳು ಹೇಳುವ ಒಂದು ದೀಪ.

"ಕಳ್ಳತನ," ಎಂದ ಎಸೆನ್‌ಬೆಕ್, ಒಣಗಿದ ದನಿಯಲ್ಲಿ. "ಕಳ್ಳತನ ಆಗಿರ್ಬೇಕು."

ಬಾಯಿಂದ ಹಾರಿಹೋದ ಮಾತು. ಆದರೆ ಸಮಿತಿ ಅದನ್ನು ಕೆಳಗೆ ಬೀಳಲು ಬಿಡಲಿಲ್ಲ. ಸುಮ್ಮನೆ ಕಿತ್ತುಕೊಂಡು ಹೋಗುವ ಕಳ್ಳ ಅಲ್ಲ ಇವನು, ಮತ್ತೆ ತಗಡು ಮುಚ್ಚಿಟ್ಟಿದ್ದಾನೆ, ಗ್ರೀಸು ಹಚ್ಚಿದ್ದಾನೆ, ಅಂದರೆ ಬುದ್ಧಿವಂತ, ಅಂದರೆ ಹೊರಗಿನವನು ಎಂದ ತುರಾತ್. ಗಾಡಿ ಹೂತುಹೋಗುತ್ತದೆ ಎಂದು ಮೊದಲೇ ಗೊತ್ತಿದ್ದವರು ಯಾರು, ಕುದುರೆ ಬೇಕಾಗಬಹುದು ಎಂದವರು ಯಾರು ಎಂದು ಇಮಾನಾಲಿ ಕೇಳಿದ.

ಮುಕಾಶ್ ಎದ್ದು ನಿಂತ. "ಶಾರ್ಶೆನ್!"

ಮಗಳ ಮದುವೆಗೆ ಗಾಡಿ ಬೀಗರ ಅಂಗಳದಲ್ಲಿ ರಾತ್ರಿಯೆಲ್ಲ ನಿಂತಿರಲಿಲ್ಲವೇ? ಆ ಮದುವೆ ತಗಡು ಹಾಕಿಸುವುದಕ್ಕೂ ಮುಂಚೆ ಆಗಿತ್ತು ಎಂಬುದು ಆ ಕ್ಷಣಕ್ಕೆ ಯಾರಿಗೂ ಬೇಕಿರಲಿಲ್ಲ. ಮುಕಾಶ್ ಕಟ್ಟೆಯ ಹತ್ತಿರ ಕಟ್ಟಿದ್ದ ಇಮಾನಾಲಿಯ ಕುದುರೆಯನ್ನು ಬಿಚ್ಚಿ ಹತ್ತಿ, ಬೀಗರ ಊರಿನ ದಾರಿ ಹಿಡಿದ. ಬುರುಲ್ ಎದುರಿಗೆ ಬಂದು ಲಗಾಮು ಹಿಡಿದಳು.

"ಎಲ್ಲಿಗೆ?"

"ಕಳ್ಳನ ಮನೆಗೆ!"

"ಅದು ನಮ್ಮ ಹುಡುಗಿಯ ಮನೆ. ಅಲ್ಲಿ ಹೋಗಿ ಅಂಥ ಮಾತಾಡಿದ್ರೆ ನಾಳೆ ಅವಳು ಯಾವ ಮುಖ ಇಟ್ಕೊಂಡು ಅವರಿಗೆ ಚಹಾ ಕೊಡ್ತಾಳೆ?"

"ಬಿಡು!"

ಅವಳು ಬಿಡುವವಳಲ್ಲ. ಆದರೆ ಕುದುರೆ ಇಮಾನಾಲಿಯದು, ಯಾರ ಮಾತೂ ಕೇಳಿ ಅಭ್ಯಾಸವಿಲ್ಲದ್ದು. ಕತ್ತು ಕೊಡವಿ ಬಿಡಿಸಿಕೊಂಡು ಹೊರಟಿತು. ಬುರುಲ್ ತಿರುಗಿ ಭಾವನನ್ನು ನೋಡಿದಳು. ಬಾಯಿ ತೆರೆಯಲಿಲ್ಲ. ಅವಳು ಸುಮ್ಮನಿದ್ದದ್ದನ್ನು ಅಷ್ಟು ವರ್ಷಗಳಲ್ಲಿ ಎಸೆನ್‌ಬೆಕ್ ನೋಡಿರಲಿಲ್ಲ. ಅದಕ್ಕೇ ಇರಬೇಕು, ಐವತ್ತು ದಾಟಿದ ಆ ಮನುಷ್ಯ ಕಲ್ಪಾಕ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಕುದುರೆಯ ಹಿಂದೆ ಓಡತೊಡಗಿದ.

"ಮುಕಾಶ್! ನಿಲ್ಲೋ! ನಿಲ್ಲೋ ತಮ್ಮ!"

ಕಾಲುವೆಯ ಹತ್ತಿರ ಕುದುರೆ ನೀರು ಕುಡಿಯಲು ತಾನಾಗಿ ನಿಂತಿತು. ಎಸೆನ್‌ಬೆಕ್ ಬಂದು ರಿಕಾಪು ಹಿಡಿದುಕೊಂಡ. ಉಸಿರು ಸಿಗುತ್ತಿರಲಿಲ್ಲ.

"ಶಾಫ್ಟು... ಯಾರೂ ಕದ್ದಿಲ್ಲ. ನಾನೇ."

"ನೀನೇ ಏನು?"

"ಕೊಕ್-ಬಾಕ್ ಹತ್ರ ಕಲ್ಲಿಗೆ ಬಡೀತು. ಶಾಫ್ಟು ಬಗ್ಗಿ ಹೋಯ್ತು. ಅಲ್ಲೇ ಕಳಚಿಟ್ಟೆ. ಅಲ್ಲಿರೋ ಹಳೇ ಗಾಡಿದು ಹಾಕೋಣ ಅಂದ್ರೆ, ತುಕ್ಕು ಹಿಡಿದಿದೆ, ಈಗ ಬರಲ್ಲ, ಮುಂದಿನ ಸಲ ಬನ್ನಿ ಅಂದ್ರು. ಅಷ್ಟರಲ್ಲಿ ಘಾಟಿ ಮುಚ್ತು. ಅದಕ್ಕೇ ಆ ಗಾಡೀದೇ ತಗಡು ಹಾಕ್ಕೊಂಡು ಬಂದೆ, ನಿನಗೆ ಕಾಣದ ಹಾಗೆ. ಮೊನ್ನೆ ಘಾಟಿ ತೆರೆದ ಕೂಡ್ಲೇ ಹೋದ್ನಲ್ಲ, ಆಗಲೂ ಇನ್ನೂ ಬಿಟ್ಟಿಲ್ಲ, ಇನ್ನೊಂದು ಸಲ ಬನ್ನಿ ಅಂದ್ರು."

ಮುಕಾಶ್ ಕುದುರೆಯಿಂದ ಇಳಿದ. ಅಣ್ಣನನ್ನು ಬೈಯುವುದಕ್ಕೆ ಅವನ ಭಾಷೆಯಲ್ಲಿ ಮಾತುಗಳೇ ಇರಲಿಲ್ಲ; ತಮ್ಮನನ್ನು ಬೈಯುವುದಕ್ಕೆ ಬೇಕಾದಷ್ಟಿದ್ದವು. ಕೊನೆಗೆ ಹೇಳಿದ:

"ಅಂದ್ರು, ಅಂದ್ರು ಅಂತೀಯಲ್ಲ. ಯಾರು ಅಂದ್ರು?"

ಎಸೆನ್‌ಬೆಕ್ ಟೋಪಿಯನ್ನು ತಿರುಗಿಸುತ್ತ ಅದರ ಒಳಗೆ ನೋಡಿದ, ಉತ್ತರ ಅಲ್ಲಿ ಹೊಲಿದಿಟ್ಟಿದೆ ಎನ್ನುವ ಹಾಗೆ. ಅಷ್ಟರಲ್ಲಿ ಬುರುಲ್ ಬಂದು ಮುಟ್ಟಿದ್ದಳು.

"ಹೆಸರು ಹೇಳಿ ಭಾವ. ಏಪ್ರಿಕಾಟ್ ಜಾಮಿಗೆ ಸಕ್ಕರೆ ಸ್ವಲ್ಪ ಕಮ್ಮಿ ಹಾಕೋರ ಹೆಸರು."

"ಐಮ್‌ಕಾನ್," ಎಂದ ಎಸೆನ್‌ಬೆಕ್. ಕಿವಿ ಕೆಂಪಾಗಿತ್ತು. "ಗಾಡಿ ಅವಳ ಗಂಡಂದು. ತೀರಿಕೊಂಡು ಆರೇಳು ವರ್ಷ ಆಯ್ತು."

ಮುಕಾಶನಿಗೆ ಆಗ ಅರ್ಥವಾಯಿತು. ಕನ್ನಡಿ, ಗಾಜು, ಹಿಡಿ, ಬೂದಿ ಡಬ್ಬಿ. ಊರಿನಲ್ಲಿ ಎಲ್ಲರಿಗಿಂತ ಕೊನೆಗೆ.

ಎರಡು ದಿನ ಬಿಟ್ಟು ಮೂವರೂ ಘಾಟಿ ಹತ್ತಿದರು. ಬೇಸಿಗೆಯ ಒಣ ದಾರಿ, ಎರಡೇ ಗಾಲಿಯ ಎಳೆತ ಸಾಕಾಗಿತ್ತು. ಹಸಿರು ದೀಪ ಯಾರೂ ಕೇಳದೆ ಉರಿಯುತ್ತಿತ್ತು. ಪ್ರತಿ ಎಡ ತಿರುವಿನಲ್ಲಿ ಹಾರ್ನು ಕೂಗುತ್ತಿದ್ದುದರಿಂದ ಎದುರು ಬಂದವರೆಲ್ಲ ಮದುವೆ ದಿಬ್ಬಣ ಎಂದುಕೊಂಡು ಕೈ ಬೀಸಿದರು. ಎಸೆನ್‌ಬೆಕ್ ಹಿಂದೆ ಒಬ್ಬನೇ ಕೂತಿದ್ದ. ಮುಂದೆ ಗಂಡಹೆಂಡಿರು ಅವನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಮಾತಾಡುತ್ತಿದ್ದರು.

ಐಮ್‌ಕಾನಳ ಅಂಗಳದ ತುಂಬ ಏಪ್ರಿಕಾಟು ಮರಗಳು. ನಡುವೆ ಆ ಸತ್ತ ಗಾಡಿ, ಕನ್ನಡಿ ಇಲ್ಲದೆ, ದೀಪ ಇಲ್ಲದೆ, ಹಿಡಿ ಇಲ್ಲದೆ. ಪ್ರೀತಿ ಅದನ್ನು ಕಿತ್ತು ತಿಂದಿತ್ತು. ಐಮ್‌ಕಾನ್ ಗಟ್ಟಿ ಮೈಕಟ್ಟಿನ, ತೋಳು ಮಡಚಿಕೊಂಡು ನಿಲ್ಲುವ ಹೆಂಗಸು. ಬಂದವರನ್ನು ಒಮ್ಮೆ ಎಣಿಸುವಂತೆ ನೋಡಿ ಒಳಗೆ ಕರೆದಳು. ಬ್ರೆಡ್ಡು ಮುರಿದಿಟ್ಟಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಆ ಶಾಫ್ಟು," ಎಂದ ಮುಕಾಶ್, ಎರಡನೆಯ ಬಟ್ಟಲು ಚಹಾ ಮುಗಿದ ಮೇಲೆ. "ನಾನೇ ಬಿಚ್ಕೊಳ್ತೀನಿ ಅಕ್ಕ. ತುಕ್ಕು ಎಷ್ಟೇ ಇದ್ರೂ ಆಯ್ತು."

ಐಮ್‌ಕಾನ್ ಎದ್ದು ಹಿಂದಿನ ಕೋಣೆಗೆ ಹೋದಳು. ಬಂದಾಗ ತೋಳಿನಲ್ಲಿ, ತೊಟ್ಟಿಲ ಮಗುವಿನ ಹಾಗೆ ಹಳೆಯ ರುಮಾಲಿನಲ್ಲಿ ಸುತ್ತಿದ್ದ ಶಾಫ್ಟು ಇತ್ತು. ಎಣ್ಣೆ ಹಚ್ಚಿ ಒರೆಸಿ ಫಳಫಳ ಹೊಳೆಸಿಟ್ಟಿದ್ದಳು. ಬೋಲ್ಟುಗಳು ಒಂದು ಪುಟ್ಟ ಚೀಲದಲ್ಲಿ ಬೇರೆ.

ಎಸೆನ್‌ಬೆಕ್ ಬಾಯಿ ತೆರೆದುಕೊಂಡು ನೋಡಿದ. "ತುಕ್ಕು ಹಿಡಿದಿದೆ, ಬರಲ್ಲ ಅಂದ್ರಲ್ಲ?"

"ಅಂದೆ."

"ಯಾವಾಗ ಬಿಚ್ಚಿದ್ರಿ?"

"ನೀವು ಹೋದ ವರ್ಷ ಘಾಟಿ ಹತ್ತಿ ಹೋದ್ರಲ್ಲ, ಮಾರನೇ ದಿನಾನೇ."

"ಮತ್ತೆ ಮೊನ್ನೆ ನಾನು ಬಂದಾಗ..."

ಐಮ್‌ಕಾನ್ ಶಾಫ್ಟನ್ನು ಮುಕಾಶನ ಮಡಿಲಿಗೆ ಹಾಕಿದಳು. "ನೋಡಪ್ಪ, ನಿಮ್ಮಣ್ಣ ಒಂದೊಂದು ಸಲ ಬಂದಾಗ ಒಂದೊಂದು ಚೂರು ಕೇಳ್ತಾರೆ. ಬೇರೆ ಏನಾದ್ರೂ ಕೇಳ್ತಾರೇನೋ ಅಂತ ನಾನು ಕಾದೆ. ಕೇಳ್ಲಿಲ್ಲ. ಬೂದಿ ಡಬ್ಬಿ ಕೇಳಿದ್ರು. ಹೊರಗಡೆ ಗಾಡೀಲಿ ಇನ್ನೇನು ಉಳಿದಿದೆ ನೋಡಿ! ಶಾಫ್ಟೂ ಕೊಟ್ಬಿಟ್ಟಿದ್ರೆ ಈ ಮನುಷ್ಯ ಇನ್ಯಾವ ನೆಪ ಹೇಳ್ಕೊಂಡು ಬರ್ತಾ ಇದ್ರು?"

ಬುರುಲ್ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಗಂಡನ ಕಡೆ ತಿರುಗಿ, "ನೀವಿಬ್ರೂ ಹೊರಗೆ ಹೋಗಿ ಗಾಡಿ ಕೆಳಗೆ ಮಲಗಿ. ಇಲ್ಲಿ ಕೆಲಸ ಇದೆ," ಎಂದಳು.

ಅಣ್ಣತಮ್ಮಂದಿರು ಗಾಡಿಯ ಅಡಿ ಅಂಗಾತ ಮಲಗಿ ಶಾಫ್ಟು ಕೂರಿಸಿದರು. ಒಬ್ಬ ಎತ್ತಿ ಹಿಡಿದ, ಇನ್ನೊಬ್ಬ ಬೋಲ್ಟು ಬಿಗಿದ. ಒಳಗಿನ ಹೆಂಗಸರ ಮಾತು ಕಿಟಕಿಯಿಂದ ಚೂರು ಚೂರಾಗಿ ಕೇಳಿಸುತ್ತಿತ್ತು: ಟಗರು, ಮೌಲ್ವಿ, ಕಿವಿಗೆ ಓಲೆ.

"ನನಗೆ ಹೇಳಬಹುದಿತ್ತಲ್ಲ," ಎಂದ ಮುಕಾಶ್, ಮೇಲೆ ನೋಡುತ್ತಲೇ. "ಬಗ್ಗಿ ಹೋಯ್ತು ಅಂತ. ನಾನೇನು ಹೊಡೀತಿದ್ನಾ?"

"ನಿನ್ನ ಫೋರ್ ವೀಲು ಅಂದ್ರೆ ನಿನಗೆ ಪ್ರಾಣ."

"ಚಳಿಗಾಲದಲ್ಲಿ ಆ ಏರಿನಲ್ಲಿ... ಬುರುಲ್ ಇದ್ಲು. ಅತ್ತೆ ಇದ್ರು."

ಎಸೆನ್‌ಬೆಕ್‌ನ ಕೈ ನಿಂತಿತು. "ನೀನು ಹೊರಟಾಗೆಲ್ಲ ನಾನು ಏರಿನ ತುದೀವರೆಗೂ ನಡ್ಕೊಂಡು ಬರ್ತಾ ಇದ್ದೆ ಕಣೋ. ನೀನು ದಾಟಿ ಹೋಗೋವರೆಗೂ ನಿಂತು ನೋಡ್ತಾ ಇದ್ದೆ. ಬಾಯಿ ಮಾತ್ರ ಬರ್ತಾ ಇರ್ಲಿಲ್ಲ."

"ನಿಂತು ನೋಡಿದ್ರೆ ಗಾಡಿ ಜಾರೋದು ನಿಲ್ಲುತ್ತಾ?"

"ಇಲ್ಲ."

"ಬಿಗಿ. ಅದನ್ನ ಇನ್ನೂ ಬಿಗಿ," ಎಂದ ಮುಕಾಶ್. ಅಣ್ಣನಿಗೆ ಹುಟ್ಟಿದಾರಭ್ಯ ಅವನು ಮಾಡಿದ ಮೊದಲ ಆಜ್ಞೆ ಅದು. ಎಸೆನ್‌ಬೆಕ್ ಬಿಗಿದ.

ಐಮ್‌ಕಾನ್ ಕಾಲುವೆಯ ನೀರನ್ನು ಮರದ ಸಾಲಿಗೆ ತಿರುಗಿಸಿ ಕೆಸರು ಮಾಡಿ ಕೊಟ್ಟಳು, ಪರೀಕ್ಷೆಗೆ. ಮುಕಾಶ್ ಗಾಡಿಯನ್ನು ಅದರೊಳಗೆ ಇಳಿಸಿ ಕೋಲು ಎಳೆದ. ಹೂತಿತು. ಶಾಫ್ಟು ತಿರುಗುತ್ತಿತ್ತು, ಆದರೆ ಗಾಲಿಗೆ ಬಲ ಮುಟ್ಟುತ್ತಿರಲಿಲ್ಲ. ಇಮಾನಾಲಿ ರಿಪೇರಿ ಮಾಡಿದ ಎಡಗಡೆಯ ಹಬ್ ಒಳಗೊಳಗೇ ಗಿರಗಿರನೆ ಸುತ್ತುತ್ತಿತ್ತು. ಬಂದ ಬಲವೆಲ್ಲ ಅಲ್ಲೇ ಸೋರಿ ಹೋಗುತ್ತಿತ್ತು. ಅಂದರೆ ಗಾಡಿಗೆ ಮೊದಲಿದ್ದುದು ಒಂದೇ ರೋಗ, ಉಳಿದವೆಲ್ಲ ಚಿಕಿತ್ಸೆ. ಸತ್ತ ಗಾಡಿಯ ಹಬ್ಬನ್ನು ಬಿಚ್ಚಿ ತಂದು ಹಾಕಿದರು. ಐಮ್‌ಕಾನ್ ತಾನೇ ಸ್ಪಾನರು ಎತ್ತಿ ಕೊಟ್ಟಳು. ಈಗ ಕೊಡಲು ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ.

ಈ ಸಲ ಕೋಲು ಎಳೆದಾಗ ಮುಂದಿನ ಗಾಲಿಗಳು ನೆಲ ಕಚ್ಚಿ ಹಿಡಿದವು. ಗಾಡಿ ಕೆಸರಿನಿಂದ ಎದ್ದು, ಒಂದು ಎಳೆಯ ಏಪ್ರಿಕಾಟು ಗಿಡವನ್ನು ಮಲಗಿಸಿ, ಅಂಗಳದ ಮಧ್ಯಕ್ಕೆ ಬಂದು ನಿಂತಿತು. ಸ್ಟಿಯರಿಂಗು ಇಷ್ಟು ಭಾರ ಆಗುತ್ತದೆ ಎಂಬುದೇ ಮುಕಾಶನಿಗೆ ಮರೆತುಹೋಗಿತ್ತು. ಅವನು ಕಿಟಕಿ ಇಳಿಸಿದ. ಕೂಗಲು ಬಾಯಿ ತೆರೆದ. ಬುರುಲ್ ನೋಡುತ್ತಿದ್ದಳು. ಮುಚ್ಚಿಕೊಂಡ.

ಎಸೆನ್‌ಬೆಕ್‌ನ ಮದುವೆ ಆದದ್ದು ಸುಗ್ಗಿ ಮುಗಿದ ಮೇಲೆ. ಐಮ್‌ಕಾನ್ ತನ್ನ ಮರಗಳನ್ನು ಬಿಟ್ಟು ಬರುವುದಿಲ್ಲ ಎಂದಳು. ಹೆಂಡತಿಯ ಮನೆಗೆ ಗಂಡು ಹೋಗಿ ಇರುವುದೆಂದರೆ ಕಶ್ಕಾ-ಬುಲಾಕಿನವರಿಗೆ ವರ್ಷಕ್ಕಾಗುವಷ್ಟು ನಗು. ನಕ್ಕರು. ಎಲ್ಲರಿಗಿಂತ ಜೋರಾಗಿ ಶಾರ್ಶೆನ್ ನಕ್ಕು, ಎಲ್ಲರಿಗಿಂತ ದೊಡ್ಡ ಟಗರನ್ನೂ ಅವನೇ ಕಳಿಸಿದ. ಸಮಿತಿಯವರು ನಿರುದ್ಯೋಗಿಗಳಾಗಲಿಲ್ಲ. ಶಾಲೆಯ ನೀರಿನ ಪಂಪು ಕೆಟ್ಟಿದೆ ಎಂದು ಯಾರೋ ಹೇಳಿದರು; ಕೆಟ್ಟಿರಲಿಲ್ಲ, ಆದರೆ ಅವರು ಅಷ್ಟರಲ್ಲಿ ಹೊರಟಾಗಿತ್ತು.

ಘಾಟಿ ಮುಚ್ಚುವುದಕ್ಕೆ ಸ್ವಲ್ಪ ಮೊದಲು ಮುಕಾಶ್ ಅಣ್ಣನ ಹಾಸಿಗೆ, ತಟ್ಟೆಬಟ್ಟಲು, ಕುದುರೆಯ ತಡಿ ಎಲ್ಲವನ್ನೂ ಗಾಡಿಗೆ ತುಂಬಿ ಕೊಕ್-ಬಾಕಿಗೆ ಕರೆದುಕೊಂಡು ಹೋದ. ತುದಿಯಲ್ಲಿ ಆಗಲೇ ಹಿಮ ಬಿದ್ದಿತ್ತು. ಮುಕಾಶ್ ಗಾಡಿ ನಿಲ್ಲಿಸಿ, ಇಳಿದು, ಗಾಲಿಗಳಿಗೆ ಸರಪಳಿ ಕಟ್ಟಿದ. ಎಸೆನ್‌ಬೆಕ್ ಒಂದು ತುದಿ ಹಿಡಿದುಕೊಂಡ, ಯಾಕೆ ಎಂದು ಕೇಳಲಿಲ್ಲ.

ಐಮ್‌ಕಾನಳ ಬೇಲಿಯ ಮುಂದೆ ಸಾಮಾನು ಇಳಿಸಿದ್ದಾಯಿತು. ಇನ್ನು ಹೊರಡಬೇಕು. ಇಬ್ಬರೂ ನಿಂತೇ ಇದ್ದರು. ಕೊನೆಗೆ ಮುಕಾಶ್ ಹೋಗಿ ಗಾಡಿಯ ಬಾನೆಟ್ಟು ಎತ್ತಿದ. ಎಸೆನ್‌ಬೆಕ್ ಬಂದು ಪಕ್ಕದಲ್ಲಿ ಬಗ್ಗಿದ. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದರು.

"ಬೆಲ್ಟು ಸ್ವಲ್ಪ ಸಡಿಲ ಇದೆ ಅನ್ಸುತ್ತೆ," ಎಂದ ಅಣ್ಣ.

"ಹೌದಾ?" ಎಂದ ತಮ್ಮ. "ಮುಂದಿನ ಸಲ ಬಂದಾಗ ನೋಡೋಣ."